ಹತ್ತೂವರೆಯ ಬಸ್ಸು ಮತ್ತು ಅಕಿಲಿಯಾ ಪಾತಿ

ಮಡಿಕೇರಿ ಹತ್ತಿರದ ಒಂದು ರೆಸಾರ್ಟಿನಲ್ಲಿ ನಾನು ಗಾರ್ಡನ್ ಸೂಪರ್‌ವೈಸರ್. ಮೊದಲು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಕೆಲಸ, ಲೆಕ್ಕ ನೋಡಿಕೊಳ್ಳುವವ, ಆಗಿದ್ದೆ. ಗಿಡಕಸಿ (ಕಾಫಿ ಗಿಡದ ರೆಂಬೆ ಸವರುವುದು), ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಎಲ್ಲಾ ಮಾಡಿಸಿದವನಿಗೆ ಹೂವಿನ ಗಿಡ ಏನು ಮಹಾ ಅನ್ನುವ ಧಿಮಾಕು ಸ್ವಲ್ಪ ಜಾಸ್ತಿಯೇ ಇತ್ತು.

ರಿಸೆಪ್ಷನ್ ಎದುರಿನ ಪಾತಿಯಲ್ಲಿ ಅಕಿಲಿಯಾ ಹಾಕಿದ್ದೆವು. ಕೆಲವು ನರ್ಸರಿಯವರು ಇದನ್ನೇ ಇಂಗ್ಲಿಷಿನಲ್ಲಿ 'ಯಾರೋ' (yarrow) ಅನ್ನುತ್ತಾರೆ. ಸಬ್ಬಸಿಗೆಯಂಥ ಸೀಳು ಎಲೆ, ಚಪ್ಪಟೆ ಗೊಂಚಲು ಹೂವು. ಕಾಶ್ಮೀರದ ಕಡೆ ತಾನಾಗೇ ಬೆಳೆಯುತ್ತದೆ. ಅದಕ್ಕೆ ಬಿಸಿಲು ಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಮಣ್ಣಿನಲ್ಲಿ ಸಾರ ಕಡಿಮೆ ಇದ್ದರೇ ಒಳ್ಳೆಯದು. ನಾನೋ, ಕಾಫಿ ಗಿಡಕ್ಕೆ ಹಾಕಿದ ಹಾಗೆ ಕೊಟ್ಟಿಗೆ ಗೊಬ್ಬರ ಸುರಿಸಿದ್ದೆ. ಕಾಂಡ ಉದ್ದಕ್ಕೆ ಬೆಳೆದವು, ಮೇ ಕೊನೆಯ ಮಳೆಗೆ ಅಷ್ಟೂ ಮಲಗಿದವು.

ಜೂನ್ ಮೊದಲ ವಾರ. ಮಸ್ಟರ್, ಅಂದರೆ ಆಳುಗಳ ಹಾಜರಿ, ಮುಗಿಸುವ ಮುಂಚೆಯೇ ಮ್ಯಾನೇಜರ್ ವಾಟ್ಸಾಪ್ ಗ್ರೂಪಿನಲ್ಲಿ ಪಾತಿಯ ಫೋಟೋ ಹಾಕಿದ್ದರು. ಕೆಳಗೆ, 'ಹತ್ತೂವರೆಗೆ ಗ್ರೂಪ್ ಚೆಕ್‌ಇನ್. ಕ್ಲೀನ್ ಆಗ್ಬೇಕು.' ಆಗಲೇ ಒಂಬತ್ತೂ ಮುಕ್ಕಾಲು. ಜಿಟಿಜಿಟಿ ಮಳೆ. ನಾನು ಬ್ರಷ್ ಕಟ್ಟರ್, ಅಂದರೆ ಕಳೆ ಕತ್ತರಿಸುವ ಮಷೀನು, ತರಿಸಿದೆ.

ನಮ್ಮ ತೋಟದ ಅಕ್ಕ ಕೂತು ಒಣಗಿದ ಕಾಂಡಗಳನ್ನು ಎರಡೂ ಕೈಯಲ್ಲಿ ಸರಿಸಿದರು. ಬುಡದಲ್ಲಿ ನೆಲಕ್ಕಂಟಿಕೊಂಡು ಹಸಿರು ಎಲೆಯ ಗುಂಪು. "ಸರ್, ಇದು ಹೊಸಾ ಚಿಗುರು. ಇದನ್ನೂ ತೆಗೆಯೋದಾ?"

ನಾನು ನೋಡಿದೆ. ಚೆನ್ನಾಗಿಯೇ ಕಾಣಿಸಿತು. ಅಷ್ಟರಲ್ಲಿ ಮ್ಯಾನೇಜರ್ ಕೊಡೆ ಹಿಡಿದು ಮೆಟ್ಟಿಲ ಮೇಲೆ ಬಂದು ನಿಂತರು. ಮಾತಿಲ್ಲ, ಸುಮ್ನೆ ವಾಚ್ ನೋಡಿದರು. ಗೇಟಿನ ಸೆಕ್ಯುರಿಟಿ ವಾಕಿಯಲ್ಲಿ, "ಬಸ್ಸು ತಿರುವಿಗೆ ಬಂತು" ಅಂದ. "ಕೈಯಲ್ಲಿ ಮಾಡ್ತಾ ಕೂತ್ರೆ ಮಧ್ಯಾಹ್ನ ಆಗುತ್ತೆ ಅಕ್ಕ. ಕಾಫಿ ಗಿಡ ಬುಡಕ್ಕೆ ಕಡಿದ್ರೂ ಚಿಗುರಲ್ವಾ?" ಅಂದೆ. ಅವರು ಎದ್ದು ಪಕ್ಕಕ್ಕೆ ಸರಿದರು. ಮಷೀನು ಶುರುವಾಯಿತು. ಹಸಿರು ಚೂರುಗಳು ನನ್ನ ಪ್ಯಾಂಟಿಗೆಲ್ಲ ಅಂಟಿದವು. ಬಸ್ಸು ಬರುವಾಗ ಪಾತಿ ಬೋಳಾಗಿತ್ತು, ಮ್ಯಾನೇಜರ್ ಹೆಬ್ಬೆರಳು ತೋರಿಸಿದರು.

ಆಮೇಲೆ ಮಳೆ ಬಿಡಲಿಲ್ಲ. ಕಡಿದ ಬುಡಕ್ಕೆ ನೀರು, ಮೇಲೆ ಗೊಬ್ಬರದ ಮಣ್ಣು. ಕಕ್ಕಡ (ಜುಲೈ ಮಧ್ಯಕ್ಕೆ ಶುರುವಾಗುವ ಕೊಡವ ತಿಂಗಳು) ಬರುವಷ್ಟರಲ್ಲಿ ಕೈಯಿಟ್ಟರೆ ಬುಡವೇ ಕಳಚಿ ಬರುತ್ತಿತ್ತು, ಕಪ್ಪು ಬಣ್ಣ, ಕೊಳೆತ ವಾಸನೆ. 'ಗಿಡ ಯಾಕೆ ಸತ್ತಿದೆ?' ಅಂತ ಗ್ರೂಪಿನಲ್ಲಿ ಕೇಳಿದ್ದು ಅದೇ ಹೆಬ್ಬೆರಳಿನವರು. ಪಾತಿಯ ಎತ್ತರದ ಅಂಚಿನಲ್ಲಿ, ಮಷೀನು ತಲುಪದ ಕಡೆ, ಒಂದಿಷ್ಟು ಉಳಿದಿತ್ತು. ಈಗಿರುವುದೆಲ್ಲ ಅದರ ಪೀಳಿಗೆ.

ಈಗ ಮಾಡುವುದು ಇಷ್ಟು. ಗೊಂಚಲು ಕಂದು ಬಣ್ಣಕ್ಕೆ ತಿರುಗಿದರೆ ಕಾಂಡ ಹಿಡಿದು ಕೆಳಕ್ಕೆ ನೋಡುತ್ತಾ ಬರಬೇಕು. ಎಲೆಯ ಸಂದಿನಲ್ಲಿ ಪುಟ್ಟ ಮೊಗ್ಗು ಸಿಗುತ್ತದೆ. ಅದರ ಮೇಲಕ್ಕೇ ಕತ್ತರಿ. ಆ ಮೊಗ್ಗೂ ಅರಳಿ ಮುಗಿದ ಮೇಲೆ ಕಾಂಡವನ್ನು ಬುಡದ ಎಲೆಗುಂಪಿನವರೆಗೆ ತೆಗೆಯಬಹುದು. ಎಲೆಗುಂಪು ಮುಟ್ಟಬಾರದು. ಕಾಂಡ ಮೊಣಕಾಲೆತ್ತರ ಇರುವಾಗ, ಮೊಗ್ಗು ಬರುವ ಮೊದಲೇ ಅರ್ಧಕ್ಕೆ ಚಿವುಟಿದರೆ ಹೂವು ತಡವಾಗುತ್ತದೆ, ಆದರೆ ಕಾಂಡ ಗಟ್ಟಿ. ಒದ್ದೆಯಲ್ಲಿ ಕತ್ತರಿ ಹಾಕುವುದಿಲ್ಲ. ಗೊಬ್ಬರ ಬಂದ್. ಪಾತಿ ಏರಿಸಿ ಜಲ್ಲಿ, ಮರಳು ಸೇರಿಸಿದ್ದೇವೆ. ಎರಡು ಮೂರು ವರ್ಷಕ್ಕೊಮ್ಮೆ ಬುಡ ಕಿತ್ತು, ಹಳೆಯ ನಡುಭಾಗ ಎಸೆದು, ಹೊರಗಿನ ಬೇರಿನ ತುಂಡು ನೆಡುತ್ತೇವೆ. ನಮ್ಮಲ್ಲಿ ಅದಕ್ಕೆ ತುಲಾ ಸಂಕ್ರಮಣ ಕಳೆದ ಮೇಲೆ, ಮಳೆ ಹಿಂದೆಗೆದ ಸಮಯ ಸರಿ. ಇದರ ರಸ ಕೆಲವರಿಗೆ ತುರಿಕೆ ತರುತ್ತದೆ. ಅಕ್ಕನಿಗೂ ಆಗಿ ಗ್ಲೌಸ್ ಕೇಳಿದೆವು, ಮೂರು ತಿಂಗಳಿಗೆ ಬಂತು.

ಗಿಡ ಕತ್ತರಿಸುವ ಸಿಕೇಟರಿನ ಸ್ಪ್ರಿಂಗ್ ಹೋಗಿದೆ, ಸ್ಟೋರಿಗೆ ಇಂಡೆಂಟ್ (ಬೇಡಿಕೆ ಚೀಟಿ) ಹಾಕಿ ಕಾಯುತ್ತಿದ್ದೇನೆ. ಬ್ರಷ್ ಕಟ್ಟರಿಗೆ ನೈಲಾನ್ ದಾರ ಹೊಸದು ಬಂದಿದೆ, ಬೇಕಾದ್ರೆ ತಗೊಂಡು ಹೋಗಿ ಅಂತಾರೆ ಸ್ಟೋರಿನವರು.