ಗಟ್ಸ್ ಒಳ್ಳೆಯವನಾಗೋದು ಯಾವಾಗ?

‘ಬರ್ಸರ್ಕ್’ ಎಂಬ ಮಾಂಗಾದ (ಜಪಾನಿ ಚಿತ್ರಕಥೆಯ) ಮೊದಲ ಸಂಪುಟಗಳನ್ನು ನನ್ನಿಂದ ತೆಗೆದುಕೊಂಡು ಹೋದವರು ವಾಪಸ್ ಕೊಡುವಾಗ ಹೆಚ್ಚುಕಮ್ಮಿ ಇದನ್ನೇ ಕೇಳುತ್ತಾರೆ: “ಈ ಗಟ್ಸ್ ಇಷ್ಟು ಕಟುಕ ಅಲ್ವಾ, ಮುಂದೆ ಯಾವಾಗ ಒಳ್ಳೆಯವನಾಗ್ತಾನೆ?” ವಿರಾಜಪೇಟೆಯಲ್ಲಿ ಮಳೆ ಹಿಡಿಯಿತೆಂದರೆ ಪುಸ್ತಕ ಕೇಳುವವರೂ ಜಾಸ್ತಿ. ಅದಕ್ಕೇ ಬರೆದಿಡುತ್ತಿದ್ದೇನೆ. ಮುಂದಿನ ಕಥೆಯ ಗುಟ್ಟುಗಳು ಇದರಲ್ಲಿವೆ.

ಕಥೆಯ ನಾಯಕ ಗಟ್ಸ್ ಒಳ್ಳೆಯವನಾಗುವುದಿಲ್ಲ. ತನ್ನ ಜೊತೆ ಬೇರೆಯವರು ಇರಬಹುದು ಅಂತ ಒಪ್ಪಿಕೊಳ್ಳಲು ಕಲಿಯುತ್ತಾನೆ. ನನಗೆ ಅದೇ ದೊಡ್ಡ ಬೆಳವಣಿಗೆ.

ಕೆಂಟಾರೊ ಮಿಯುರಾ 1989ರಲ್ಲಿ ಶುರುಮಾಡಿದ ಈ ಕಥೆಯ ಆರಂಭದಲ್ಲಿ ಗಟ್ಸ್‌ಗೆ ಒಂದು ಕಣ್ಣಿಲ್ಲ, ಎಡಗೈ ಕಬ್ಬಿಣದ್ದು. ಕುತ್ತಿಗೆಯ ಮೇಲೆ ಬಲಿಯ ಗುರುತಿದೆ. ಅದರ ಜಾಡು ಹಿಡಿದು ರಾತ್ರಿಯೆಲ್ಲ ದೆವ್ವಗಳು ಬರುತ್ತವೆ. ಗಾಡಿಯಲ್ಲಿ ಜಾಗ ಕೊಟ್ಟ ಪಾದ್ರಿ, ಜೊತೆಗಿದ್ದ ಹುಡುಗಿ, ಇಬ್ಬರೂ ಆ ರಾತ್ರಿಯೇ ಸಾಯುತ್ತಾರೆ. ಅವನು ಜನರನ್ನು ದೂರ ತಳ್ಳುವುದು ಸುಮ್ನೆ ಅಲ್ಲ. ಮೂರನೇ ಸಂಪುಟದಲ್ಲಿ ಅಪ್ಪನನ್ನು ಕಳೆದುಕೊಂಡ ತೆರೇಸಿಯಾಗೆ ಕಲ್ಲುಮನಸ್ಸಿನಿಂದ ಮಾತಾಡಿ ಹೊರಟುಬಿಡುತ್ತಾನಲ್ಲ, ಆಗ ಅವನ ಮುಖ ನೋಡಿ. ಅಳುತ್ತಿರುತ್ತಾನೆ. ತುಂಬಾ ಜನ ಆ ಪುಟ ದಾಟಿ ಹೋಗಿಬಿಡುತ್ತಾರೆ.

ಕೊಡಗಿನಲ್ಲಿ ಹುಟ್ಟಿದವರಿಗೆ ಇನ್ನೊಂದು ಮಾತು ಹೇಳಬೇಕು. ನಾಟಿ ಮುಗಿಯುವವರೆಗೆ ನಮ್ಮ ಹಿರಿಯರು ಕೋವಿ, ಕತ್ತಿ ಎಲ್ಲವನ್ನೂ ದೇವರ ಕೋಣೆಯಲ್ಲಿ ಇಟ್ಟುಬಿಡುತ್ತಿದ್ದರು. ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಹೊರಗೆ ತೆಗೆದು, ತೊಳೆದು, ಹೂ ಇಟ್ಟು, ಆಮೇಲೆ ಬೆಳೆ ಕಾಯಲು ಹೊರಡುತ್ತಿದ್ದರು. ಆಯುಧಕ್ಕೆ ಬಿಡುವಿತ್ತು, ಕಾಯಲು ಗದ್ದೆಯಿತ್ತು. ಗಟ್ಸ್‌ಗೆ ಎರಡೂ ಇಲ್ಲ. ತನ್ನ ದಂಡನ್ನೇ ದೆವ್ವಗಳಿಗೆ ಬಲಿಕೊಟ್ಟ ಗೆಳೆಯ ಗ್ರಿಫಿತ್‌ನ ಮೇಲಿನ ಹಗೆ ಬಿಟ್ಟರೆ ಅವನ ಹತ್ತಿರ ಬೇರೇನೂ ಉಳಿದಿಲ್ಲ. ಆ ಬಲಿಯಲ್ಲಿ ಬುದ್ಧಿ ಕಳೆದುಕೊಂಡ ತನ್ನ ಪ್ರೇಯಸಿ ಕಾಸ್ಕಾಳನ್ನು ಬಿಟ್ಟು ಎರಡು ವರ್ಷ ಅಲೆಯುತ್ತಾನೆ. ವಾಪಸ್ ಬಂದಾಗ ಅವಳು ಅಲ್ಲಿಲ್ಲ. ಮುದಿ ಕಮ್ಮಾರ ಗೋಡೊ ಅವನಿಗೆ ಚೆನ್ನಾಗಿ ಬೈಯುತ್ತಾನೆ. ದುಃಖ ತಡೆಯಲಾರದೆ ಹಗೆಯ ಹಿಂದೆ ಓಡಿದೆ ಅನ್ನುವುದು ಆ ಬೈಗುಳದ ಸಾರ.

ಅವಳನ್ನು ಕಾಪಾಡಿ ಕರೆತಂದರೆ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ದಾರಿಯಲ್ಲಿ ಒಳಗಿನ ಮೃಗ ಕೆರಳಿ ಅವನೇ ಕಾಸ್ಕಾಳ ಮೇಲೆ ಬೀಳುತ್ತಾನೆ. ಓದಲು ತುಂಬಾ ಕಷ್ಟವಾಗುವ ಭಾಗ. ಒಬ್ಬನೇ ಅವಳನ್ನು ಕಾಯಲಾರೆ, ತನ್ನಿಂದಲೂ ಕಾಯಲಾರೆ ಅಂತ ಅವನಿಗೆ ಅಲ್ಲಿ ಗೊತ್ತಾಗುತ್ತದೆ. ಹಿಂದೆ ಬಂದ ಫರ್ನೀಸ್, ಸರ್ಪಿಕೊ, ಇಸಿಡ್ರೊ ಅವರನ್ನು ಆಗ ಜೊತೆಗೆ ಸೇರಿಸಿಕೊಳ್ಳುತ್ತಾನೆ.

ನನಗೆ ಅತಿ ಇಷ್ಟವಾಗುವುದು ಇಲ್ಲಿಂದ ಮುಂದೆ. ಶಿರ್ಕೆ ಅನ್ನುವ ಪುಟ್ಟ ಮಾಟಗಾತಿ ಅವನ ಗುರುತಿನ ಮೇಲೆ ಮಂತ್ರ ಬರೆಯುತ್ತಾಳೆ. ರಾತ್ರಿಯ ಕಾಟ ತಗ್ಗುತ್ತದೆ. ಮೈಮರೆಸುವ ಒಂದು ಕರಿ ಕವಚ ತೊಟ್ಟು ಅವನು ಹುಚ್ಚನಂತೆ ಕಾದಾಡುವಾಗ ಕೂಗಿ ಕೂಗಿ ವಾಪಸ್ ಕರೆತರುವವಳೂ ಅವಳೇ. ಫರ್ನೀಸ್ ಅಂತೂ ಕತ್ತಲೆಗೆ ಹೆದರುತ್ತಿದ್ದ, ಜನರನ್ನು ಸುಡಿಸುತ್ತಿದ್ದ ಶ್ರೀಮಂತರ ಮಗಳು. ಅವಳು ಕಾಸ್ಕಾಳ ಆರೈಕೆ ಮಾಡುತ್ತಾ, ಶಿರ್ಕೆಯಿಂದ ಮಂತ್ರ ಕಲಿಯುತ್ತಾ ಬೇರೆಯೇ ಮನುಷ್ಯಳಾಗುತ್ತಾಳೆ. ಕೊನೆಗೆ ಕಾಸ್ಕಾಳ ಕನಸಿನೊಳಗೆ ಹೊಕ್ಕು ಅವಳ ಬುದ್ಧಿ ವಾಪಸ್ ತರುವವರು ಈ ಇಬ್ಬರೇ. ಗಟ್ಸ್‌ನ ಕತ್ತಿಯಿಂದ ಆಗದ ಕೆಲಸ ಅದು. ಎಚ್ಚೆತ್ತ ಕಾಸ್ಕಾ ಅವನ ಮುಖ ನೋಡಿದ ಕೂಡಲೇ ಹಳೆಯದೆಲ್ಲ ನೆನಪಾಗಿ ಚೀರುತ್ತಾಳೆ. ಮಿಯುರಾ ಯಾರಿಗೂ ಏನನ್ನೂ ಸುಲಭವಾಗಿ ಕೊಡುವುದಿಲ್ಲ.

2021ರ ಮೇ 6ರಂದು ಮಿಯುರಾ ತೀರಿಕೊಂಡರು. ಕಥೆಯ ಕೊನೆಯನ್ನು ಬಹಳ ಹಿಂದೆಯೇ ಅವರ ಬಾಯಿಂದ ಕೇಳಿದ್ದ ಗೆಳೆಯ ಕೋಜಿ ಮೋರಿ, ಅವರ ಶಿಷ್ಯರ ಜೊತೆ 2022ರಿಂದ ಅದನ್ನು ಮುಂದುವರಿಸಿದ್ದಾರೆ. ಆ ಅಧ್ಯಾಯಗಳಲ್ಲಿ ಗ್ರಿಫಿತ್ ಕಾಸ್ಕಾಳನ್ನು ಹೊತ್ತೊಯ್ಯುತ್ತಾನೆ. ಗಟ್ಸ್‌ಗೆ ಕತ್ತಿ ಹಿಡಿಯುವ ಮನಸ್ಸೂ ಇರುವುದಿಲ್ಲ. ಹಡಗಿನಲ್ಲಿ ಅವನನ್ನು ನೋಡಿಕೊಳ್ಳುವುದು ಅದೇ ಜೊತೆಗಾರರು.