ಯಾವ ಎಲ್‌ಇಡಿ ಹಾಕಿಸಿದ್ರಿ ಸಾರ್?

ಯಾವುದೂ ಹಾಕಿಸಿಲ್ಲ.

ನನ್ನ ಹತ್ತಿರ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ಕಾರು ಇದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಸಂಜೆ ಹೊತ್ತು ಎಲ್ಲೇ ನಿಲ್ಲಿಸಲಿ, ಯಾರಾದರೂ ಬಂದು ಟೈಲ್ ಲೈಟ್ ಬಗ್ಗಿ ನೋಡಿ ಇದನ್ನೇ ಕೇಳುತ್ತಾರೆ. ಹಳೇ ಗಾಡಿಯ ಲೈಟ್ ಚೆನ್ನಾಗಿ ಉರಿದರೆ ಅದು ಎಲ್‌ಇಡಿಯೇ ಅಂತ ತೀರ್ಮಾನ ಆಗಿಹೋಗಿದೆ. ‘ಯಾವುದು’ ಅನ್ನೋದಷ್ಟೇ ಬಾಕಿ. ‘ಬಲ್ಬೇ ಕಣ್ರೀ’ ಅಂದರೆ, ಅಂಗಡಿ ಹೆಸರು ಮುಚ್ಚಿಡುತ್ತಿದ್ದೇನೆ ಅನ್ನೋ ಹಾಗೆ ಮುಖ ನೋಡುತ್ತಾರೆ.

ಸರಿ, ಒಪ್ಪಿಕೊಳ್ಳುತ್ತೇನೆ. ಮೊದಲು ಹಾಕಿಸಿದ್ದೆ. ಬಿಳಿ ಎಲ್‌ಇಡಿ. ಕೆಂಪು ಗ್ಲಾಸಿನ ನಡುವೆ ಒಂದು ಗುಲಾಬಿ ಚುಕ್ಕೆ, ಸುತ್ತ ಕತ್ತಲೆ. ಹಣೆಗೆ ಬೊಟ್ಟಿಟ್ಟ ಹಾಗೆ! ತಂತಿ ಬಲ್ಬು ಸುತ್ತಲೂ ಬೆಳಕು ಚೆಲ್ಲುತ್ತೆ. ಅದು ಹಿಂದಿನ ಬಟ್ಟಲಿಗೆ ಬಡಿದು ಗ್ಲಾಸ್ ಪೂರ್ತಿ ತುಂಬುತ್ತೆ. ನನಗೆ ಸಿಕ್ಕ ಎಲ್‌ಇಡಿ ಮುಂದಕ್ಕೆ ಮಾತ್ರ ಉರಿಯುವಂಥದ್ದು, ಬಟ್ಟಲಿಗೆ ಕೆಲಸವೇ ಇಲ್ಲ. ಅದರ ಬಿಳಿ ಬೆಳಕಿನಲ್ಲಿ ಕೆಂಪಿನ ಪಾಲೂ ಕಡಿಮೆ. ಉಳಿದದ್ದನ್ನೆಲ್ಲ ಕೆಂಪು ಗ್ಲಾಸ್ ನುಂಗಿಬಿಡುತ್ತೆ. ಹಾಕಲೇಬೇಕು ಅಂದರೆ ಕೆಂಪು ಎಲ್‌ಇಡಿ, ಪಕ್ಕಕ್ಕೂ ಉರಿಯುವಂಥದ್ದು ಹಾಕಿಕೊಳ್ಳಿ. ನನ್ನನ್ನು ಬಿಟ್ಟುಬಿಡಿ.

ಲೈಟ್ ಮಂಕಾಗಿದ್ದಕ್ಕೆ ನಿಜವಾದ ರೋಗ ಇದ್ದದ್ದು ಅರ್ತ್‌ನಲ್ಲಿ, ಅಂದರೆ ಕರೆಂಟ್ ಗಾಡಿಯ ಮೈ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿಯಲ್ಲಿ. ಬ್ಯಾಟರಿ ಹತ್ತಿರ 12.4 ವೋಲ್ಟ್, ಹೋಲ್ಡರ್‌ನಲ್ಲಿ 10ರ ಆಸುಪಾಸು. ನಡುವಿನದ್ದನ್ನು ತುಕ್ಕು ತಿಂದಿತ್ತು. ವೋಲ್ಟೇಜ್ ಐದರಲ್ಲೊಂದು ಪಾಲು ಇಳಿದರೆ ತಂತಿ ಬಲ್ಬಿನ ಬೆಳಕು ಹೆಚ್ಚುಕಡಿಮೆ ಅರ್ಧ ಹೋಗುತ್ತೆ. ಹೋಲ್ಡರನ್ನು ಉಪ್ಪು ಕಾಗದದಲ್ಲಿ ಉಜ್ಜಿ, ಅಲ್ಲಿಂದ ಗಾಡಿಯ ಲೋಹದ ಮೈಗೆ ಹೊಸ ಅರ್ತ್ ವೈರ್ ಎಳೆದು, 21/5 ವ್ಯಾಟಿನ ಹೊಸ ಬಲ್ಬ್ ಹಾಕಿದೆ. ದೊಡ್ಡ ವ್ಯಾಟಿನದು ಬೇಡ. ಗ್ಲಾಸ್ ಅಂತೀವಿ, ಅದು ಪ್ಲಾಸ್ಟಿಕ್, ಕರಗುತ್ತೆ. 5 ವ್ಯಾಟ್ ರಾತ್ರಿಗೆ, 21 ಬ್ರೇಕಿಗೆ. ಆ ವ್ಯತ್ಯಾಸ ಕಂಡರೇನೇ ಹಿಂದಿನವನಿಗೆ ಗಾಡಿ ನಿಲ್ಲುತ್ತಿದೆ ಅಂತ ಗೊತ್ತಾಗೋದು.

ಬಟ್ಟಲಿಗೆ ಮೊದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಂಟಿಸಿದೆ. ಸುಕ್ಕಿಗೊಂದು ಪಟ್ಟೆ ಬಂದು ಗ್ಲಾಸಿನೊಳಗೆ ಹುಲಿ ಕೂತ ಹಾಗಾಯಿತು. ಕಿತ್ತು, ಹೊಳೆಯುವ ಬಿಳಿ ಪೇಂಟ್ ಹೊಡೆದೆ. ಬೆಳಕು ಒಂದೇ ಸಮ ಹರಡಿತು. ಗ್ಲಾಸನ್ನು ಸೋಪಿನ ನೀರು, ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತೊಳೆದೆ. ಥಿನ್ನರ್ ಮುಟ್ಟಿಸಿದರೆ ಬಿರುಕು ಬಿಡುತ್ತೆ. ಒಳಗಿನ ಗೆರೆಗಳನ್ನು ಮಾತ್ರ ಪಾಲಿಶ್ ಮಾಡಿ ಸವೆಸಬೇಡಿ, ಬೆಳಕು ಚದುರಿಸೋದೇ ಅವು. ಎರಡು ಬಲ್ಬಿಗೆ ಕೊಟ್ಟ ದುಡ್ಡಲ್ಲಿ ಇಬ್ಬರು ಹೊಟ್ಟೆ ತುಂಬ ಬೆಣ್ಣೆ ದೋಸೆ ತಿನ್ನೋಕಾಗಲ್ಲ.

ಇಷ್ಟೇ. ಆದರೆ ಒಬ್ಬರೂ ಇನ್ನೊಂದು ಕೇಳಲ್ಲ: ಲೈಟ್ ಡಿಮ್ ಇದೆ ಅಂತ ನಿಮಗೆ ಗೊತ್ತಾಗಿದ್ದು ಹೇಗೆ? ಓಡಿಸುವವನಿಗೆ ತನ್ನ ಟೈಲ್ ಲೈಟ್ ಕಾಣಲ್ಲ, ಅಲ್ವಾ? ಹೆಡ್‌ಲೈಟ್ ಸ್ವಲ್ಪ ಮಂಕಾದರೆ ಅದೇ ದಿನ ಎಲೆಕ್ಟ್ರಿಷಿಯನ್ ಹತ್ತಿರ ಓಡುತ್ತಿದ್ದವನು ನಾನು.

ಚಿತ್ರದುರ್ಗದಿಂದ ರಾತ್ರಿ ವಾಪಸ್ ಬರುತ್ತಿದ್ದೆ. ಭರಮಸಾಗರ ದಾಟಿದ ಮೇಲೆ ಒಂದು ಲಾರಿ ಹಿಂದೆ ಬಂದು ಒಂದೇ ಸಮ ಲೈಟ್ ಹೊಡೆಯಿತು. ಪಕ್ಕಕ್ಕೆ ನಿಲ್ಲಿಸಿದೆ. ಬೈಯೋಕೇ ಇಳಿದಿದ್ದೆ. ಡ್ರೈವರ್ ನನಗಿಂತ ಮೊದಲೇ ಇಳಿದಿದ್ದ.

“ಏನ್ ಯಜಮಾನ್ರೇ, ಹಿಂದೆ ಊದಿನಕಡ್ಡಿ ಹಚ್ಕೊಂಡು ಹೊಂಟೀರೇನು? ಹತ್ರ ಬರೋ ತನಕ ಗಾಡಿ ಐತಿ ಅಂತಾನೇ ಕಾಣ್ಲಿಲ್ಲ.”

ಹಿಂದೆ ಹೋಗಿ ನೋಡಿದೆ. ಊದಿನಕಡ್ಡಿಗೂ ಅವಮಾನ. ನನ್ನ ಬೈಗುಳ ಗಂಟಲಲ್ಲೇ ಉಳಿಯಿತು.

“ನಡೀರಿ, ನಾ ಹಿಂದೆ ಬರ್ತೀನಿ” ಅಂದ. ಲೋಡ್ ಲಾರಿ, ಅವನಿಗೆ ಅರ್ಜೆಂಟ್ ಇರಲಿಲ್ಲ ಅಂತೇನಲ್ಲ. ದಾವಣಗೆರೆ ತನಕ ನನ್ನ ಸ್ಪೀಡಿಗೇ ಬಂದ. ನಾನು ಊರ ಕಡೆ ಸರ್ವಿಸ್ ರಸ್ತೆಗೆ ಇಳಿದಾಗ ಎರಡು ಸಲ ಹಾರ್ನ್ ಹೊಡೆದ. ನಾನೂ ಎರಡು ಸಲ ಬ್ರೇಕ್ ಒತ್ತಿದೆ, ಥ್ಯಾಂಕ್ಸ್ ಅನ್ನೋ ಅರ್ಥದಲ್ಲಿ.

ಅವನಿಗೆ ಕಂಡಿರಲಿಕ್ಕಿಲ್ಲ.