ಬಣ್ಣ ಬಿಡಿ, ಎಣ್ಣೆ ನೋಡಿ

ಬುಲೆಟ್ ಸದ್ದಿಗೆ ತಲೆ ತಿರುಗಿಸದವರು ನಮ್ಮ ಹೊಸೂರಿನಲ್ಲಿ ಕಡಿಮೆ. ಹಾಗಾಗಿ ಹಳೇ ಯುದ್ಧವಿಮಾನಗಳ ಎಂಜಿನ್ ಲೆಕ್ಕವನ್ನೂ ಬುಲೆಟ್ಟಿನಿಂದಲೇ ಶುರು ಮಾಡೋಣ. ಹಳೇ 350 ಬುಲೆಟ್ಟಿನ ಒಂಟಿ ಸಿಲಿಂಡರ್ 346 ಸಿಸಿ. ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್, ಹರಿಕೇನ್‌ಗಳ ಮೂತಿಯೊಳಗಿರುವ ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನ್ 27 ಲೀಟರ್, 12 ಸಿಲಿಂಡರ್. ಒಂದೊಂದು ಸಿಲಿಂಡರಿಗೆ 2250 ಸಿಸಿ ಬಂತು, ಅಂದರೆ ಆರೂವರೆ ಬುಲೆಟ್. ಬುಲೆಟ್ 2000 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2000 ಸುತ್ತಿನಲ್ಲಿ, ಸೆಕೆಂಡಿಗೆ ಸುಮಾರು 17 ಸಲ ಹೊಡೆಯುತ್ತದೆ. ಅದೇ ಆರ್‌ಪಿಎಂನಲ್ಲಿ ಮರ್ಲಿನ್ ಹೊಡೆಯುವುದು 200 ಸಲ. ಅಷ್ಟು ಬೇಗ ಬಂದರೆ ಹೊಡೆತಗಳು ಒಂದಕ್ಕೊಂದು ಅಂಟಿಕೊಂಡು ಸ್ವರವೇ ಆಗಿಬಿಡುತ್ತವೆ. ಶ್ರುತಿಪೆಟ್ಟಿಗೆಯ ಐದು ಮನೆ ಷಡ್ಜ ಸೆಕೆಂಡಿಗೆ ಸುಮಾರು 196 ಕಂಪನ, ಮರ್ಲಿನ್ ಹೆಚ್ಚುಕಡಿಮೆ ಅಲ್ಲೇ ಬಂದು ನಿಲ್ಲುತ್ತದೆ. "ಹಾಡುತ್ತೆ ಕಣ್ರೀ" ಅಂತ ವಿಮಾನದ ಹುಚ್ಚಿನವರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಆದರೆ ಸದ್ದು ಕೇಳಿ, ಬಣ್ಣ ನೋಡಿ, ಫೋಟೋ ತೆಗೆದು ಹೊರಟುಬಿಟ್ಟರೆ ಅರ್ಧ ವಿಮಾನವೂ ನೋಡಿದ ಹಾಗಲ್ಲ. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ದಿನವಿಡೀ ಲೇತ್, ಹೋನಿಂಗ್, ಗ್ರೈಂಡಿಂಗ್ ಮಾಡುವ ನಮ್ಮವರಿಗೆ ಉಳಿದರ್ಧ ಇನ್ನೂ ಚೆನ್ನಾಗಿ ಹತ್ತುತ್ತದೆ. ಈ ಬರಹ ಅವರಿಗೆ.

ಮೊದಲು ಸ್ಟಾರ್ಟ್ ಮಾಡುವುದು. ಸ್ಪಿಟ್‌ಫೈರಿನಲ್ಲಿ ಪೈಲಟ್ ಕೈಗೆ ಸಿಗುವ ಹಾಗೆ ಒಂದು ಸಣ್ಣ ಪ್ರೈಮರ್ ಪಂಪ್ ಇದೆ, ಸ್ಟಾರ್ಟಿಗೆ ಮೊದಲು ಎಂಜಿನ್ನಿಗೆ ಪೆಟ್ರೋಲ್ ತಳ್ಳುವುದಕ್ಕೆ. ಬೇಸಿಗೆ ದಿನ ಮೂರು ನಾಲ್ಕು ಸಲ ಒತ್ತಿದರೆ ಸಾಕು, ಚಳಿಯಲ್ಲಿ ಅದರ ದುಪ್ಪಟ್ಟೂ ಸಾಲದು. ಕಡಿಮೆ ಒತ್ತಿದರೆ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ. ಜಾಸ್ತಿ ಒತ್ತಿದರೆ ಎರಡು ತೊಂದರೆ. ಒಂದು, ಪೆಟ್ರೋಲ್ ಹೋಗಿ ಸಿಲಿಂಡರ್ ಗೋಡೆಯ ಎಣ್ಣೆ ತೊಳೆದುಬಿಡುತ್ತದೆ, ಪಿಸ್ಟನ್ ಒಣ ಲೋಹದ ಮೇಲೆ ಉಜ್ಜುತ್ತದೆ. ಇನ್ನೊಂದು, ಎಕ್ಸಾಸ್ಟ್ ಕೊಳವೆಯಲ್ಲಿ ನಿಂತ ಪೆಟ್ರೋಲ್ ಹೊತ್ತಿ ಬೆಂಕಿ ನಾಲಗೆ ಚಾಚುತ್ತದೆ. ಆಗ ಗಾಬರಿಯಾಗಿ ಸ್ಟಾರ್ಟರ್ ಬಿಡಬಾರದು. ಎಂಜಿನ್ ತಿರುಗುತ್ತಲೇ ಇದ್ದರೆ ಬೆಂಕಿ ತಾನಾಗಿ ಹೋಗುತ್ತದೆ, ನಿಲ್ಲಿಸಿದರೆ ಅಲ್ಲೇ ಕೂತು ಉರಿಯುತ್ತದೆ.

ಹತ್ತಿಕೊಂಡ ಮೇಲೆ ಇನ್ನೊಂದು ಪೀಕಲಾಟ. ಎಂಜಿನ್ ತಣ್ಣಗಿಡುವ, ಗ್ಲೈಕಾಲ್ ಬೆರೆತ ಕೂಲೆಂಟ್ 60 ಡಿಗ್ರಿ ಮುಟ್ಟದೆ ಟೇಕಾಫ್ ಮಾಡುವ ಹಾಗಿಲ್ಲ. ಅದು 100ರ ಹತ್ತಿರ ಹೋಗುವುದರೊಳಗೆ ನೆಲ ಬಿಟ್ಟಿರಬೇಕು. ಸ್ಪಿಟ್‌ಫೈರಿನ ರೇಡಿಯೇಟರ್ ರೆಕ್ಕೆಯ ಅಡಿಯಲ್ಲಿದೆ. ಚಕ್ರ ಇಳಿಸಿ ನಿಂತಾಗ ಅದರ ಕಾಲೇ ಗಾಳಿಗೆ ಅಡ್ಡ, ಪ್ರೊಪೆಲ್ಲರಿನ ಗಾಳಿಯೂ ಅತ್ತ ಸರಿಯಾಗಿ ಹೋಗುವುದಿಲ್ಲ. ರನ್‌ವೇ ತುದಿಯಲ್ಲಿ ಯಾರದೋ ಸರದಿಗೆ ಐದು ನಿಮಿಷ ಕಾಯಿಸಿದರೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡ ಹಳೇ ಅಂಬಾಸಡರ್ ಗತಿ. ಮೂತಿಯನ್ನು ಗಾಳಿಗೆ ಎದುರು ತಿರುಗಿಸಿ ನಿಲ್ಲುವುದು, ಸಾಧ್ಯವಾಗದಿದ್ದರೆ ಎಂಜಿನ್ ಆರಿಸುವುದು, ಬೇರೆ ದಾರಿಯಿಲ್ಲ. ಬೇಸಿಗೆಯಲ್ಲಿ ನಮ್ಮ ಬೆಳಗೊಂಡಪಳ್ಳಿ ರನ್‌ವೇಯಲ್ಲಿ ಒಂದು ಸ್ಪಿಟ್‌ಫೈರ್ ನಿಂತರೆ ಪೈಲಟ್ ಕಣ್ಣು ಎಲ್ಲಿರುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ನಕ್ಷತ್ರದ ಹಾಗೆ ಸುತ್ತಲೂ ಸಿಲಿಂಡರ್ ಜೋಡಿಸಿದ ರೇಡಿಯಲ್ ಎಂಜಿನ್ನಿಗೆ ಈ ಕೂಲೆಂಟ್ ಕಾಟ ಇಲ್ಲ, ಗಾಳಿಯಿಂದಲೇ ತಣ್ಣಗಾಗುತ್ತದೆ. ಅದರ ರೋಗ ಬೇರೆ. ವಾಯುಪಡೆ ತರಬೇತಿಗೆ ಬಳಸುತ್ತಿದ್ದ ಹಾರ್ವರ್ಡಿನಲ್ಲಿ 9 ಸಿಲಿಂಡರಿನ 22 ಲೀಟರ್ ವಾಸ್ಪ್ ಎಂಜಿನ್. ಯುದ್ಧವಿಮಾನ ಟೆಂಪೆಸ್ಟ್ 2ರಲ್ಲಿ 18 ಸಿಲಿಂಡರಿನ, 53 ಲೀಟರಿಗೂ ಮೀರಿದ ಬ್ರಿಸ್ಟಲ್ ಸೆಂಟಾರಸ್. ಎರಡರಲ್ಲೂ ಕೆಲವು ಸಿಲಿಂಡರ್‌ಗಳು ತಲೆ ಕೆಳಗಾಗಿರುತ್ತವೆ. ನಿಲ್ಲಿಸಿಟ್ಟಾಗ ಎಣ್ಣೆ ಪಿಸ್ಟನ್ ರಿಂಗು ದಾಟಿ ಇಳಿದು ಅಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯನ್ನು ಅಮುಕಬಹುದು, ಎಣ್ಣೆಯನ್ನು ಅಮುಕಲಾಗದು. ಹಾಗೇ ಸ್ಟಾರ್ಟರ್ ಒತ್ತಿದರೆ ಬಗ್ಗುವುದು ಕನೆಕ್ಟಿಂಗ್ ರಾಡ್.

ಆದ್ದರಿಂದ ಮೊದಲು ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಆಫ್ ಆಗಿದೆಯೇ ಎಂದು ಎರಡು ಸಲ ನೋಡಿ, ಚಕ್ರಕ್ಕೆ ಅಡೆ ಕೊಟ್ಟು, ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಬೇಕು. ಎಲ್ಲ ಸಿಲಿಂಡರೂ ಒಂದು ಸಲ ಕಂಪ್ರೆಶನ್ ದಾಟಬೇಕಾದರೆ ಎಂಜಿನ್ ಎರಡು ಸುತ್ತು ಬರಬೇಕು. ಹಾರ್ವರ್ಡಿನ ಎರಡಲಗಿನ ಪ್ರೊಪೆಲ್ಲರಿಗೆ ಅದು ನಾಲ್ಕು ಅಲಗಿನ ಲೆಕ್ಕ. ಅನುಭವಸ್ಥರು ಅಲ್ಲಿಗೆ ನಿಲ್ಲಿಸದೆ ಇನ್ನೂ ಕೆಲವು ಎಣಿಸುತ್ತಾರೆ. ಮಾಮೂಲಿ ಕಂಪ್ರೆಶನ್ನು ಸ್ಪ್ರಿಂಗಿನ ಹಾಗೆ ಕೈಗೆ ತಳ್ಳುತ್ತದೆ. ಎಣ್ಣೆ ತುಂಬಿದ್ದರೆ ಗೋಡೆಗೆ ಗುದ್ದಿದ ಹಾಗೆ ಟಕ್ಕನೆ ನಿಲ್ಲುತ್ತದೆ. ಅಲ್ಲಿಗೆ ಕೈ ತೆಗೆದುಬಿಡಿ. ಕೆಳಗಿನ ಸಿಲಿಂಡರ್‌ಗಳ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕೆಳಗೆ ತಟ್ಟೆ ಇಟ್ಟು, ಎಣ್ಣೆ ಪೂರಾ ಇಳಿದ ಮೇಲೆ ಮತ್ತೆ ತಿರುಗಿಸಿ. ಇಲ್ಲಿ ಕಳ್ಳದಾರಿ ಹಿಡಿಯುವವರು ಪ್ರೊಪೆಲ್ಲರನ್ನು ಹಿಂದಕ್ಕೆ ತಿರುಗಿಸುತ್ತಾರೆ, ಸಲೀಸಾಗಿ ಬಿಡಿಸಿಕೊಂಡ ಹಾಗೂ ಕಾಣುತ್ತದೆ. ನಿಜವಾಗಿ ಎಣ್ಣೆ ಇನ್‌ಟೇಕ್ ಕೊಳವೆಗೆ ಹೋಗಿ ಕೂತಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ವಾಪಸ್ ಸಿಲಿಂಡರಿಗೆ. ರಾಡು ಆವತ್ತೇ ಮುರಿದರೆ ಪುಣ್ಯ. ಕೂದಲೆಳೆಯಷ್ಟು ಬಗ್ಗಿ, ಹತ್ತಾರು ಗಂಟೆ ಹಾರಿದ ಮೇಲೆ ಆಕಾಶದಲ್ಲಿ ಮುರಿಯುವುದೇ ಅಪಾಯ.

ನಿಲ್ಲಿಸಿಟ್ಟ ಎಂಜಿನ್ ಬಗ್ಗೆ ಇನ್ನೊಂದು ನಂಬಿಕೆ ಇದೆ, ವಾರಕ್ಕೊಮ್ಮೆ ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿದರೆ ಎಂಜಿನ್ ಚೆನ್ನಾಗಿರುತ್ತದೆ ಅಂತ. ಉಲ್ಟಾ. ಸಿಲಿಂಡರ್ ಗೋಡೆಗೆ ಹತ್ತಿಕೊಂಡ ತೆಳು ಎಣ್ಣೆಯನ್ನು ರಿಂಗು ಕೆರೆದು ತೆಗೆಯುತ್ತದೆ, ಹೊಸ ಎಣ್ಣೆ ಬರುವಷ್ಟು ವೇಗ ಕೈಗಿಲ್ಲ. ಐದು ನಿಮಿಷ ಸ್ಟಾರ್ಟ್ ಮಾಡಿ ಆರಿಸುವುದು ಇನ್ನೂ ಕೆಟ್ಟದ್ದು. ಉರಿದ ಪೆಟ್ರೋಲಿನಿಂದ ಹುಟ್ಟಿದ ನೀರಾವಿ ಒಳಗೇ ಉಳಿದು ಎಣ್ಣೆಯಲ್ಲಿ ಆಮ್ಲವಾಗುತ್ತದೆ. ಹಾರಿಸಿ, ಇಲ್ಲವೇ ತುಕ್ಕು ತಡೆಯುವ ಎಣ್ಣೆ ಹಾಕಿ, ಸ್ಪಾರ್ಕ್ ಪ್ಲಗ್ ಜಾಗಕ್ಕೆ ಸಿಲಿಕಾ ಜೆಲ್ ತುಂಬಿದ ಪ್ಲಗ್ ತಿರುಗಿಸಿ ಮುಚ್ಚಿಡಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬದಲಿಸುವ ಸಮಯ. ಮಳೆಗಾಲದಲ್ಲಿ ಬೇಗ ಬೇಗ ತಿರುಗುತ್ತದೆ.

ಈಗ ತಲೆಬರಹದ ಎಣ್ಣೆಗೆ ಬರೋಣ. ಎಂಜಿನ್ನಿನ ಜಾತಕ ಇರುವುದು ಆಯಿಲ್ ಫಿಲ್ಟರಿನಲ್ಲಿ. ಫಿಲ್ಟರನ್ನು ಶುದ್ಧ ಸಾಲ್ವೆಂಟಿನಲ್ಲಿ ತೊಳೆದು, ಆ ದ್ರವವನ್ನು ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆಯ ಮೇಲೆ ಉಳಿದದ್ದನ್ನು ಬಿಸಿಲಿಗೆ ಹಿಡಿದು ನೋಡಿ. ಮಿಣಮಿಣ ಅನ್ನುವ ಪುಡಿ ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ, ಓವರ್‌ಹಾಲ್ ಆದ ಹೊಸದರಲ್ಲಿ ತುಸು ಹೆಚ್ಚು. ಉಗುರಿಗೆ ತಾಕುವಂಥ ಚೂರು ಕಂಡರೆ ಹುಡುಕಾಟ ಶುರು. ಬಟ್ಟೆಯ ಅಡಿಯಿಂದ ಮ್ಯಾಗ್ನೆಟ್ ಆಡಿಸಿ. ಚೂರು ಹಿಂಬಾಲಿಸಿದರೆ ಉಕ್ಕು, ಅಂದರೆ ಗೇರು, ರಿಂಗು, ಕ್ಯಾಮು ಇವುಗಳ ಕಡೆ ಅನುಮಾನ. ಹಿಂಬಾಲಿಸದ ಬಿಳಿ ಚೂರನ್ನು ಕಾಸ್ಟಿಕ್ ಸೋಡಾ ನೀರಿಗೆ ಹಾಕಿ. ಗುಳ್ಳೆ ಎದ್ದರೆ ಅಲ್ಯೂಮಿನಿಯಂ, ಪಿಸ್ಟನ್ ಅಥವಾ ಕೇಸಿಂಗ್ ಎಲ್ಲೋ ಉಜ್ಜುತ್ತಿದೆ. ಗುಳ್ಳೆ ಏಳದಿದ್ದರೆ ಸೋಲ್ಡರಿಂಗ್ ಐರನ್ನಿನ ಬಿಸಿ ತುದಿ ಮುಟ್ಟಿಸಿ. ಕರಗಿದರೆ ಸೀಸ, ತವರದ ಜಾತಿ. ಹಳದಿ ಕೆಂಪು ಮಿಶ್ರದ ಪದರ ಸಿಕ್ಕಿತೋ, ಸೀಸ ಕಂಚಿನ ಬೇರಿಂಗ್ ಬಿಟ್ಟುಕೊಳ್ಳುತ್ತಿದೆ ಅಂತ ಅರ್ಥ. ಮರ್ಲಿನ್ನಿನ ಕ್ರ್ಯಾಂಕ್ ಕೂತಿರುವುದು ಅಂಥ ಬೇರಿಂಗಿನ ಮೇಲೇ, ಹಾರಾಟ ಅಲ್ಲಿಗೆ ನಿಲ್ಲಬೇಕು. ಗುಳ್ಳೆಯಲ್ಲಿರುವುದು ಹೈಡ್ರೋಜನ್, ಬೀಡಿ ದೂರ ಇಡಿ. ಕಣ್ಣಿಗೆ ಕನ್ನಡಕ ಇರಲಿ. ಎಣ್ಣೆಯೇ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ಈ ಪರೀಕ್ಷೆಯೆಲ್ಲ ಬೇಡ, ಒಳಗೆ ನೀರು ಸೇರಿದೆ, ಮರ್ಲಿನ್ನಿನಲ್ಲಾದರೆ ಮೊದಲ ಅನುಮಾನ ಕೂಲೆಂಟ್ ಸೋರಿಕೆಯ ಮೇಲೆ.

"ಡ್ರಾಯಿಂಗ್ ಕೊಡಿ, ಪೀಸ್ ನಾವೇ ಮಾಡಿಕೊಡ್ತೀವಿ" ಅನ್ನುವ ಧೈರ್ಯ ನಮ್ಮ ಟೂಲ್‌ರೂಮಿನವರಿಗೆ ಇದೆ, ಸುಳ್ಳಲ್ಲ. ಆದರೆ ಅಳತೆ ಎಲ್ಲ ಇಂಚಿನಲ್ಲಿ, ಥ್ರೆಡ್ಡು ವಿಟ್‌ವರ್ತ್, ಬಿಎಸ್‌ಎಫ್, ಬಿಎ ಎಂಬ ಹಳೇ ಇಂಗ್ಲಿಷ್ ಮಾದರಿಗಳು. ಅಮೆರಿಕದ ಪ್ಯಾಕರ್ಡ್ ಕಂಪನಿ ಮರ್ಲಿನ್ ಮಾಡಲು ಕೂತಾಗ ತನ್ನ ದೇಶದ ಥ್ರೆಡ್ಡು ಬಿಟ್ಟು ಈ ಇಂಗ್ಲಿಷ್ ಥ್ರೆಡ್ಡನ್ನೇ ಉಳಿಸಿಕೊಂಡಿತು, ಅದಕ್ಕೆ ಬೇಕಾದ ಟ್ಯಾಪುಗಳನ್ನೂ ತಾನೇ ಮಾಡಿಕೊಂಡಿತು. ಅದಕ್ಕೇ ಎರಡೂ ಕಡೆಯ ಬಿಡಿಭಾಗ ಅದಲು ಬದಲು ಕೂರುತ್ತದೆ. ಹಳೇ ಬುಲೆಟ್ ಮೆಕ್ಯಾನಿಕ್ಕಿನ ಪೆಟ್ಟಿಗೆಯ ಸ್ಪ್ಯಾನರ್ ಇಲ್ಲಿ ಕೆಲಸಕ್ಕೆ ಬರುತ್ತದೆ, 10-11ರ ಮಿಲಿಮೀಟರ್ ಸೆಟ್ಟಲ್ಲ. ಪೀಸ್ ಮಾಡುವುದಕ್ಕಿಂತ ಕಷ್ಟ ಕಾಗದದ್ದು. ಲೋಹ ಯಾವ ಬ್ಯಾಚು, ಹೀಟ್ ಟ್ರೀಟ್‌ಮೆಂಟ್ ಯಾರು ಮಾಡಿದ್ದು, ಪರೀಕ್ಷೆ ಎಲ್ಲಿ ಆಯಿತು, ಈ ದಾಖಲೆ ಇಲ್ಲದ ಬೋಲ್ಟ್ ಎಷ್ಟೇ ಹೊಳೆದರೂ ಗುಜರಿ.

ಹೀಗೆ ಭಾಗ ಬದಲಿಸುತ್ತ ಹೋದರೆ ಉಳಿಯುವುದು ಹಳೇ ವಿಮಾನವೇ? ವಿಮಾನದ ಹುಚ್ಚಿನವರ ನಡುವೆ ಮುಗಿಯದ ಜಗಳ ಇದು. ಹೊಸ ಲೋಹದಲ್ಲಿ ಪೂರಾ ಕಟ್ಟಿ, ಹಳೇ ನಂಬರ್ ಪ್ಲೇಟ್ ಹೊಡೆದು, ಅದೇ ವಿಮಾನ ಅನ್ನುವವರೂ ಇದ್ದಾರೆ. ಹಾರುವುದಾದರೆ ಅದಕ್ಕೂ ಕೈಮುಗಿಯೋಣ, ಬೆಲೆ ಕಟ್ಟುವಾಗ ಮಾತ್ರ ಒಂದೇ ತಕ್ಕಡಿಗೆ ಹಾಕಬೇಡಿ. ತಕ್ಕಡಿಯ ಆ ಕಡೆ ಇರುವುದು ಹರಿಕೇನ್ ಆರ್4118ರಂಥದ್ದು. 1940ರಲ್ಲಿ ಇಂಗ್ಲೆಂಡಿನ ಆಕಾಶದಲ್ಲಿ ಕಾದಾಡಿದ ವಿಮಾನ. 1943ರ ಕೊನೆಗೆ ಹಡಗಿನಲ್ಲಿ ಭಾರತಕ್ಕೆ ಬಂತು. ಆಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಠಕ್ಕೆಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯ ಸೇರಿ, ಬಯಲಲ್ಲಿ ಗಾಳಿ ಮಳೆಗೆ ನಿಂತಿತ್ತು. ಪೀಟರ್ ವಾಚರ್ ಎಂಬ ಇಂಗ್ಲಿಷಿನವರು ಅದನ್ನು 1982ರಲ್ಲಿ ಕಂಡು, 2001ರಲ್ಲಿ ಕೊಂಡು, 2004ರ ಡಿಸೆಂಬರಿನಲ್ಲಿ ಮತ್ತೆ ಹಾರಿಸಿದರು. ಬಿದ್ದು ನುಜ್ಜಾಗಿರಲಿಲ್ಲ, ಗುಜರಿಗೆ ಹೋಗಿರಲಿಲ್ಲ. ಹಾಗಾಗಿ ಮೂಲ ಭಾಗಗಳು ಜೊತೆಯಲ್ಲೇ ಉಳಿದಿದ್ದವು. ಉಜ್ಜಿ ಪಾಲಿಶ್ ಮಾಡುವ ಉತ್ಸಾಹಿಗಳ ಕೈಗೆ ಸಿಗದೆ ಬಯಲಲ್ಲಿ ನಿಂತದ್ದೇ ಒಂದು ರೀತಿ ಅದನ್ನು ಕಾಪಾಡಿತು.

1970ರ ದಶಕದ ಕೊನೆಗೆ ಭಾರತದಿಂದ ಸ್ಪಿಟ್‌ಫೈರ್, ಟೆಂಪೆಸ್ಟ್‌ಗಳೂ ಸಾಕಷ್ಟು ಇಂಗ್ಲೆಂಡಿಗೆ ಹೋದವು. ಉಳಿದದ್ದನ್ನು ನೋಡಲು ದೆಹಲಿಯ ಪಾಲಂ ವಾಯುಪಡೆ ಸಂಗ್ರಹಾಲಯಕ್ಕೆ ಹೋಗಬೇಕು. ಸ್ಪಿಟ್‌ಫೈರ್, ಹರಿಕೇನ್, ಟೆಂಪೆಸ್ಟ್ ಮೂರೂ ಅಲ್ಲಿವೆ. ಹೊಸೂರಿನಿಂದ ಬೆಳಿಗ್ಗೆ ಹೊರಟು ಸಂಜೆ ವಾಪಸಾಗುವುದಾದರೆ ಬೆಂಗಳೂರಿನ ಎಚ್‌ಎಎಲ್ ಸಂಗ್ರಹಾಲಯ, ಅಲ್ಲಿ ಎಂಜಿನ್‌ಗಳನ್ನೇ ಬೇರೆಯಾಗಿ ಇಟ್ಟಿದ್ದಾರೆ. ರೇಡಿಯಲ್ ಕಂಡರೆ ಬಗ್ಗಿ ಅತ್ಯಂತ ಕೆಳಗಿನ ಸಿಲಿಂಡರಿನ ಪ್ಲಗ್ಗುಗಳನ್ನು ನೋಡಿ. ನೆಲಕ್ಕೆ ಎಷ್ಟು ಹತ್ತಿರ, ಸ್ಪ್ಯಾನರ್ ತಿರುಗಿಸಲು ಎಷ್ಟು ಜಾಗ, ತಟ್ಟೆ ಎಲ್ಲಿ ಇಡಬೇಕು, ಎಲ್ಲ ಅಲ್ಲೇ ಗೊತ್ತಾಗುತ್ತದೆ.